ಕೋಳಿಮರಿ ಚೀಟಿಯ ಮೂರನೆಯ ಕಾಗದ

ತೀರ್ಪುಗಾರರು ನನ್ನ ಅಂಕಪಟ್ಟಿಯ ಕೆಳಗೆ ಪೆನ್ಸಿಲಿನಲ್ಲಿ ಬರೆದಿದ್ದು ಎರಡೇ ಸಾಲು: ‘ಆರು ಅಂಚೆಚೀಟಿಗಳ ವಾಟರ್‌ಮಾರ್ಕ್ ಗುರುತಿಸಿದ್ದು ತಪ್ಪು. ಕಾಗದದ ವಿವರಣೆ ಅಂದಾಜಿನದು.’ ಮೊದಲ ಸಾಲನ್ನು ಹೇಗೋ ನುಂಗಿಕೊಂಡೆ. ಎರಡನೆಯ ಸಾಲಿನ ‘ಅಂದಾಜು’ ಎಂಬ ಮಾತು ಮಾತ್ರ ಇಳಿಯಲಿಲ್ಲ.

ನಾನು ಶಿವಮೊಗ್ಗದ ಒಂದು ಖಾಸಗಿ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವಳು. ಇಪ್ಪತ್ತು ವರ್ಷಕ್ಕೂ ಮೇಲೆ ಅದೇ ಕೆಲಸ. ಒಂದು ರಿಪೋರ್ಟು ನನ್ನ ಸಹಿಯೊಂದಿಗೆ ಹೊರಗೆ ಹೋಯಿತೆಂದರೆ ಅದನ್ನು ನಂಬಿ ಡಾಕ್ಟರು ಮಾತ್ರೆ ಬರೆಯುತ್ತಾರೆ, ಒಂದು ಮನೆಯವರು ನೆಮ್ಮದಿಯಿಂದ ಊಟ ಮಾಡುತ್ತಾರೆ ಅಥವಾ ಮಾಡುವುದಿಲ್ಲ. ಅನುಮಾನ ಬಂದರೆ ಇನ್ನೊಂದು ಸಲ ಪರೀಕ್ಷೆ ಮಾಡುತ್ತೇನೆಯೇ ಹೊರತು ಅಂದಾಜಿನಲ್ಲಿ ಏನನ್ನೂ ಬರೆದವಳಲ್ಲ. ಅಂಥವಳಿಗೆ ಯಾರೋ ಆ ಮಾತನ್ನು ಬರೆದು ಕೊಟ್ಟಿದ್ದರು.

ಪ್ರದರ್ಶನ ನಡೆದದ್ದು ನಮ್ಮೂರಿನದೇ ಒಂದು ಕಲ್ಯಾಣ ಮಂಟಪದಲ್ಲಿ. ಉಳಿದವರೆಲ್ಲ ಹಕ್ಕಿ, ರೈಲು, ಹಡಗು ಎಂದು ಬಣ್ಣಬಣ್ಣದ ಅಂಚೆಚೀಟಿಗಳನ್ನು ಜೋಡಿಸಿದ್ದರು. ನನ್ನ ಹದಿನಾರು ಹಾಳೆಗಳಲ್ಲಿದ್ದದ್ದು ಒಂದೇ ಬಗೆಯ ಚೀಟಿ. ಮೊಟ್ಟೆಯೊಡೆದು ಹೊರಗೆ ಬರುತ್ತಿರುವ ಕೋಳಿಮರಿಯ, ಕಂದು ಬಣ್ಣದ, ಇಪ್ಪತ್ತೈದು ಪೈಸೆಯ ಚೀಟಿ. ಒಂದು ಕಾಲಕ್ಕೆ ಮನೆಮನೆಗೂ ಬರುತ್ತಿದ್ದ ಕಾಗದಗಳ ಮೇಲೆ ಇದ್ದದ್ದೇ ಅದು. ನೋಡಲು ಬಂದವರು ನನ್ನ ಚೌಕಟ್ಟಿನ ಮುಂದೆ ನಿಂತು, ‘ಇವರೇನು ಒಂದೇ ಹಚ್ಚಿಟ್ಟಿದ್ದಾರೆ!’ ಎಂದು ನಕ್ಕು ಮುಂದೆ ಹೋಗುತ್ತಿದ್ದರು.

ತೀರ್ಪುಗಾರರು ಬೆಂಗಳೂರಿನಿಂದ ಬಂದಿದ್ದ ಹಿರಿಯರು. ಅವರು ಮಾತ್ರ ನಗಲಿಲ್ಲ. ಮುಗಿಯುವ ಹೊತ್ತಿಗೆ ನನ್ನನ್ನು ಕರೆದು, ಚೌಕಟ್ಟು ಬಿಚ್ಚಿಸಿ, ಚಿಮಟದಲ್ಲಿ ಒಂದು ಚೀಟಿಯನ್ನು ಎತ್ತಿ ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರು.

“ನೋಡೀಮ್ಮಾ, ಇದನ್ನ ವಾಟರ್‌ಮಾರ್ಕ್ ಇಲ್ಲದ ಖಾಲಿ ಕಾಗದ ಅಂತ ಬರ್ದಿದ್ದೀರಿ. ಇಲ್ಲಿ, ಈ ಮೂಲೇಲಿ ಏನೋ ಗೆರೆ ಕಾಣ್ತಿದೆಯಲ್ಲ?”

“ನಾನು ನೀರಲ್ಲಿ ನೆನೆಸಿ ನೋಡಿದೀನಿ ಸಾರ್. ಏನೂ ಕಾಣಲಿಲ್ಲ.”

“ಕಾಣಲಿಲ್ಲ ಅಂದ್ರೆ ಇಲ್ಲ ಅಂತಲ್ಲ. ಆಮೇಲೆ ಈ ದಪ್ಪ ಕಾಗದ, ತೆಳು ಕಾಗದ, ನುಣುಪು ಕಾಗದ ಅಂತ ಮೂರು ಮಾಡಿದೀರಿ. ಯಾವ ಆಧಾರದ ಮೇಲೆ?”

“ಮುಟ್ಟಿ ನೋಡಿ, ಸಾರ್.”

ಅವರು ಚೀಟಿಯನ್ನು ಜೋಪಾನವಾಗಿ ವಾಪಸು ಇಟ್ಟರು. “ಕೆಲಸ ಶುರು ಮಾಡಿರೋದು ಚೆನ್ನಾಗಿದೆ. ಮುಗಿದಿಲ್ಲ ಅಷ್ಟೇ,” ಎಂದರು.

ಆ ಕೆಲಸ ಶುರುವಾದದ್ದು ನನ್ನ ಮುರಿದ ಕಾಲಿನಿಂದ. ಅದಕ್ಕೂ ಎರಡು ವರ್ಷ ಮೊದಲು ಸ್ಕೂಟರಿನಿಂದ ಬಿದ್ದು ಮೂರು ತಿಂಗಳು ಮನೆಯಲ್ಲಿ ಕೂತಿದ್ದೆ. ನನ್ನ ಗಂಡ ಅಡಿಕೆ ಮಂಡಿಯೊಂದರಲ್ಲಿ ಗುಮಾಸ್ತರು. ಮಂಡಿಯವರು ಹೊಸ ಕಟ್ಟಡಕ್ಕೆ ಹೋಗುವಾಗ ಅಟ್ಟದ ಮೇಲಿದ್ದ ಹಳೆಯ ಲಕೋಟೆಗಳನ್ನು ರದ್ದಿಗೆ ಹಾಕಲು ಹೊರಟಿದ್ದರಂತೆ. ಇವರು ಒಂದು ಗೋಣಿಚೀಲ ತುಂಬ ತಂದು ನನ್ನ ಮಂಚದ ಪಕ್ಕ ಇಟ್ಟು, “ತಗೋ ಮಾರಾಯ್ತಿ, ಸ್ಟಾಂಪು ಕಿತ್ತು ಆಟ ಆಡ್ಕೊಂಡಿರು. ಟಿವಿ ನೋಡಿ ನೋಡಿ ನಿನಗೂ ಬೇಜಾರು, ನನಗೂ ಬೇಜಾರು,” ಎಂದರು.

ಚೀಲದಲ್ಲಿದ್ದವುಗಳಲ್ಲಿ ಮುಕ್ಕಾಲು ಪಾಲು ಆ ಕೋಳಿಮರಿಯೇ. ಸ್ಟೀಲ್ ತಟ್ಟೆಯಲ್ಲಿ ನೀರು ಹಾಕಿ ಲಕೋಟೆಯ ತುಂಡುಗಳನ್ನು ನೆನೆಸುವುದು, ಚೀಟಿ ಬಿಟ್ಟುಕೊಂಡ ಮೇಲೆ ಒಣಗಲು ಹರಡುವುದು. ಒಂದು ದಿನ ಪಕ್ಕದಲ್ಲಿ ಕೈಗೆ ಸಿಕ್ಕಿದ ನನ್ನದೇ ಕಾಲಿನ ಎಕ್ಸ್‌ರೇ ಫಿಲ್ಮಿನ ಮೇಲೆ ಒದ್ದೆ ಚೀಟಿಗಳನ್ನು ಬೋರಲು ಹಾಕಿದೆ. ಕಪ್ಪು ಫಿಲ್ಮಿನ ಮೇಲೆ ಒಂದು ಚೀಟಿಯ ಬೆನ್ನಿನಲ್ಲಿ ನಕ್ಷತ್ರದ ಎರಡು ಮೊನೆಗಳು ಎದ್ದು ಬಂದವು. ನಾನು ನೋಡುತ್ತಿದ್ದಂತೆಯೇ ಚೀಟಿ ಒಣಗಿತು, ನಕ್ಷತ್ರ ಹೋಯಿತು. ಮತ್ತೆ ಒದ್ದೆ ಮಾಡಿದೆ. ಮತ್ತೆ ಬಂತು. ಸಂಜೆ ಗಂಡ ಬರುವಷ್ಟರಲ್ಲಿ ಇನ್ನೊಂದು ಚೀಟಿಯಲ್ಲಿ ಅಶೋಕ ಸ್ತಂಭದ ಸಿಂಹಗಳು ಸಿಕ್ಕಿದ್ದವು, ಕೆಲವುಗಳಲ್ಲಿ ಏನೂ ಇರಲಿಲ್ಲ. ಕಾಗದದೊಳಗಿನ ಆ ಗುರುತಿಗೆ ವಾಟರ್‌ಮಾರ್ಕ್ ಎನ್ನುತ್ತಾರೆ, ಒಂದೇ ಚಿತ್ರವನ್ನು ಬೇರೆ ಬೇರೆ ಕಾಗದದ ಮೇಲೆ ಅಚ್ಚು ಹಾಕಿದ್ದಾರೆ ಎಂದು ಆಮೇಲೆ ಕ್ಯಾಟಲಾಗು ತರಿಸಿ ಓದಿ ತಿಳಿದುಕೊಂಡೆ. ಕಾಲು ಕೂಡಿಕೊಂಡ ಮೇಲೂ ಚೀಟಿಯ ಹುಚ್ಚು ಬಿಡಲಿಲ್ಲ.

ಹಾಗೆ ಎರಡು ವರ್ಷ ಕೂತು ಮಾಡಿದ್ದಕ್ಕೆ ಸಿಕ್ಕ ಪದ ‘ಅಂದಾಜು’. ಪ್ರದರ್ಶನ ಮುಗಿದ ವಾರವೇ ಹದಿನಾರೂ ಹಾಳೆಗಳನ್ನು ಬಿಚ್ಚಿದೆ. ಎಲ್ಲವನ್ನೂ ಮೊದಲಿನಿಂದ ನೋಡುವುದು, ಗೊತ್ತಿಲ್ಲದ್ದನ್ನು ಗೊತ್ತಿರುವವರ ಹತ್ತಿರ ಕಲಿಯುವುದು ಎಂದು ತೀರ್ಮಾನಿಸಿದೆ.

ಮೊದಲ ಹೆಜ್ಜೆಯೇ ಎಡವಿತು. ಸಿಗರೇಟ್ ಲೈಟರಿಗೆ ಹಾಕುವ ಪೆಟ್ರೋಲಿನ ಹನಿ ಬಿಟ್ಟರೆ ವಾಟರ್‌ಮಾರ್ಕ್ ಚೆನ್ನಾಗಿ ಕಾಣುತ್ತದೆ ಎಂದು ಎಲ್ಲೋ ಓದಿದ್ದೆ. ಕರಿ ತಟ್ಟೆಯಲ್ಲಿ ಚೀಟಿ ಇಟ್ಟು ಹನಿ ಬಿಟ್ಟರೆ ಕೋಳಿಮರಿಯ ಕಂದು ಬಣ್ಣವೇ ಕರಗಿ ಅಂಚಿಗೆ ಹರಿಯಿತು. ತೀರ್ಪುಗಾರರು ಹೇಳಿದ್ದ ಆರರಲ್ಲಿ ಅದು ಒಂದಾಗಿರಲಿಲ್ಲ ಎಂಬುದೊಂದೇ ಸಮಾಧಾನ. ಬಾಟಲಿಯ ಮುಚ್ಚಳ ಹಾಕಿ ಅಟ್ಟಕ್ಕೆ ಎಸೆದೆ. ನೀರು, ಓರೆ ಬೆಳಕು, ತಾಳ್ಮೆ, ಇಷ್ಟರಲ್ಲೇ ಕೆಲಸ ಮಾಡಬೇಕೆಂದುಕೊಂಡೆ. ಆದರೆ ಕಾಗದದ ವಿಷಯ? ಅದನ್ನು ಯಾರನ್ನು ಕೇಳುವುದು?

ಉತ್ತರ ಲ್ಯಾಬಿಗೇ ನಡೆದುಕೊಂಡು ಬಂತು. ಸಕ್ಕರೆ ಪರೀಕ್ಷೆಗೆ ತಿಂಗಳಿಗೊಮ್ಮೆ ಬರುತ್ತಿದ್ದ ಒಬ್ಬ ಹೆಂಗಸು, ಅರವತ್ತೈದು ದಾಟಿರಬೇಕು, ಮೂಗಿನ ಎರಡೂ ಕಡೆ ಮೂಗುತಿ. ಅವತ್ತು ನಾನು ಕೊಟ್ಟ ರಿಪೋರ್ಟನ್ನು ಓದಲೇ ಇಲ್ಲ. ಹಾಳೆಯ ಮೂಲೆ ಹಿಡಿದು ಕಿವಿಯ ಹತ್ತಿರ ಒಮ್ಮೆ ಝಾಡಿಸಿದರು.

“ಕಾಗದ ಬದಲಾಯಿಸಿದ್ದೀರಾ ಮೇಡಂ? ಹೋದ ತಿಂಗಳಿಂದು ಗಟ್ಟಿ ಇತ್ತು. ಇದು ಬರೀ ಹೊಟ್ಟು.”

ನಿಜಕ್ಕೂ ಅವತ್ತೇ ಬೆಳಿಗ್ಗೆ ಹೊಸ ಕಂಪನಿಯ ರೀಮು ಒಡೆದಿದ್ದೆವು. ನನಗೆ ಎರಡರ ವ್ಯತ್ಯಾಸವೇ ತಿಳಿದಿರಲಿಲ್ಲ.

“ನಿಮಗೆ ಹೇಗೆ ಗೊತ್ತಾಯ್ತು?”

“ಭದ್ರಾವತಿಯಲ್ಲಿ ಕಾಗದದ ಕಾರ್ಖಾನೇಲಿ ಹಾಳೆ ಆರಿಸ್ತಿದ್ದೆ. ಹತ್ತೊಂಬತ್ತು ವರ್ಷ. ಒಳ್ಳೇದು ಈ ಕಡೆ, ಕೆಟ್ಟಿದ್ದು ಆ ಕಡೆ. ಗೊತ್ತಾಗದೆ ಏನು?”

ಹಿಂದೆ ಕೂತಿದ್ದವರ ಟೋಕನ್ ನಂಬರನ್ನೂ ಕರೆಯದೆ ನಾನು ಅವರ ವಿಳಾಸ ಕೇಳಿದೆ.

ಮುಂದಿನ ಭಾನುವಾರ ಬಸ್ಸು ಹತ್ತಿ ಭದ್ರಾವತಿಗೆ ಹೋದೆ. ನ್ಯೂಟೌನಿನ ಹಿಂಬದಿಯ ಓಣಿಯಲ್ಲಿ ಅವರ ಮನೆ. ಮಗಳು, ಅಳಿಯ, ಮೊಮ್ಮಕ್ಕಳು ಎಲ್ಲ ತುಂಬಿಕೊಂಡು ಗದ್ದಲವೋ ಗದ್ದಲ. ಅವರು ಅಂಗಡಿಗಳಿಗೆ ಚಕ್ಕುಲಿ ಮಾಡಿ ಕೊಡುತ್ತಿದ್ದರು. ಮನೆಯಲ್ಲಿ ತಮಿಳು, ನನ್ನೊಂದಿಗೆ ಕನ್ನಡ, ಎಣ್ಣೆಯ ಬಾಂಡಲಿಯ ಮುಂದೆ ನಿಂತು ಎರಡನ್ನೂ ಒಟ್ಟಿಗೆ ಮಾತಾಡುತ್ತಿದ್ದರು. ನನ್ನನ್ನು ತಮಿಳಿನ ಅಕ್ಕರೆಯಲ್ಲಿ ‘ಕಣ್ಣು’ ಎಂದು ಕರೆಯುತ್ತಿದ್ದರು. ನಾನು ಡಬ್ಬಿಯಿಂದ ಚೀಟಿಗಳನ್ನು ತೆಗೆದು ನಕ್ಷತ್ರದ ಗುರುತಿನ ವಿಷಯ ಹೇಳಿದಾಗ ಹತ್ತಿರ ಬಂದು ನೋಡಿ, ಕೈ ಹಿಂದಕ್ಕೆ ಎಳೆದುಕೊಂಡರು.

“ಅಯ್ಯೋ, ಇಷ್ಟು ಸಣ್ಣದಾ? ಇದರಲ್ಲಿ ನಾನೇನು ನೋಡ್ಲಿ ಕಣ್ಣು? ನಾನು ನೋಡಿದ್ದು ಚಾಪೆಯಷ್ಟಗಲದ ಹಾಳೆ. ನನ್ನ ಕೈ ತುಂಬ ಎಣ್ಣೆ ಬೇರೆ.”

“ಅಕ್ಕ, ಚೀಟಿ ಮುಟ್ಟೋದು ಬೇಡ. ನೀವು ಕಾಗದ ಹೇಗೆ ನೋಡ್ತೀರಿ ಅನ್ನೋದನ್ನ ಹೇಳಿ ಸಾಕು.”

ಅವರು ಒಲೆಯನ್ನು ಮಗಳಿಗೆ ಒಪ್ಪಿಸಿ, ಕೈ ತೊಳೆದು, ಮೊಮ್ಮಗಳ ನೋಟ್‌ಬುಕ್ಕಿನಿಂದ ಒಂದು ಹಾಳೆ ಹರಿದರು. ಉದ್ದಕ್ಕೆ ಹರಿದಾಗ ನೆಟ್ಟಗೆ ಹರಿಯಿತು, ಅಡ್ಡಕ್ಕೆ ಹರಿದಾಗ ಸೊಟ್ಟಗೆ ಹೋಯಿತು. “ನಾರು ಯಾವ ಕಡೆ ಮಲಗಿದೆ ನೋಡಿದ್ಯಾ?” ಎಂದರು. ಹಾಳೆಯ ಒಂದು ಮಗ್ಗುಲನ್ನು ಒದ್ದೆ ಬೆರಳಿನಿಂದ ಸವರಿದಾಗ ಅದು ಸುರುಳಿ ಸುತ್ತಿಕೊಂಡಿತು. ಸುರುಳಿ ಯಾವ ದಿಕ್ಕಿಗೆ ನಿಂತಿತೋ ನಾರೂ ಅದೇ ದಿಕ್ಕಿಗೆ. ಆಮೇಲೆ ಬಾಗಿಲಿಗೆ ಕರೆದುಕೊಂಡು ಹೋಗಿ ಹಾಳೆಯನ್ನು ಬಿಸಿಲಿಗೆ ಓರೆಯಾಗಿ ಹಿಡಿದು ತೋರಿಸಿದರು. ಒಂದು ಮಗ್ಗುಲಿನಲ್ಲಿ ಸೊಳ್ಳೆಪರದೆಯಂಥ ನವಿರಾದ ಚೌಕಳಿ ಕಾಣಿಸಿತು.

“ಕಾಗದ ಮೊದಲು ಗಂಜಿ ತರ ಇರತ್ತೆ ಕಣ್ಣು. ಜಾಲರಿ ಮೇಲೆ ಓಡ್ತಾ ಓಡ್ತಾ ನೀರು ಸೋರಿ ಹಾಳೆಯಾಗತ್ತೆ. ಇದು ಆ ಜಾಲರಿ ಗುರುತು, ಎಲ್ಲಾ ಕಾಗದಕ್ಕೂ ಇರತ್ತೆ. ನಿನ್ನ ನಕ್ಷತ್ರ ಬೇರೆ. ಹಾಳೆ ಇನ್ನೂ ಹಸಿ ಇರುವಾಗ ಮೇಲಿಂದ ಒಂದು ಉರುಳೆ ಬರತ್ತೆ, ಅದರ ಮೇಲೆ ತಂತೀಲಿ ನಕ್ಷತ್ರ ಮಾಡಿ ಕೂರಿಸಿರ್ತಾರೆ. ತಂತಿ ಒತ್ತಿದ ಕಡೆ ನಾರು ಪಕ್ಕಕ್ಕೆ ಸರಿಯತ್ತೆ. ಅಲ್ಲಿ ಕಾಗದ ತೆಳ್ಳಗೆ. ಅಷ್ಟೇ.”

“ಎಲ್ಲಾ ಹಾಳೆಗೂ ನಕ್ಷತ್ರ ಒಂದೇ ಜಾಗದಲ್ಲಿ ಬೀಳತ್ತಾ ಅಕ್ಕ?”

“ಉರುಳೆ ಉರುಳ್ತಾನೇ ಇರತ್ತೆ. ಕತ್ತರಿಸೋರು ಎಲ್ಲಿ ಬೇಕೋ ಅಲ್ಲಿ ಕತ್ತರಿಸ್ತಾರೆ. ಒಂದು ಚೂರಿಗೆ ಪೂರ್ತಿ ಬರಬಹುದು, ಇನ್ನೊಂದಕ್ಕೆ ಬಾಲ ಮಾತ್ರ.”

ತಿರುಗಿ ಬರುವಾಗ ಬಸ್ಸಿನಲ್ಲಿ ಆ ಮಾತನ್ನೇ ಯೋಚಿಸಿದೆ. ನಾನು ಇದುವರೆಗೆ ಹುಡುಕಿದ್ದು ನಕ್ಷತ್ರವನ್ನು. ಚೀಟಿಗೆ ಬಿದ್ದದ್ದು ನಕ್ಷತ್ರದ ಒಂದು ಮೊನೆಯೋ, ಕ್ಯಾಟಲಾಗಿನಲ್ಲಿ ಅದರ ಪಕ್ಕ ತೋರಿಸಿದ್ದ ಅಕ್ಷರಗಳ ಒಂದು ಕಾಲೋ ಆಗಿದ್ದರೆ ನನ್ನ ಕಣ್ಣು ಅದನ್ನು ಸುಕ್ಕು ಎಂದು ತಳ್ಳಿಹಾಕಿರುತ್ತದೆ.

ಮನೆಗೆ ಬಂದವಳೇ ಒಂದು ಪಾರದರ್ಶಕ ಪ್ಲಾಸ್ಟಿಕ್ ಹಾಳೆ ತೆಗೆದುಕೊಂಡೆ. ಗುರುತು ಸ್ಪಷ್ಟವಾಗಿದ್ದ ಚೀಟಿಗಳನ್ನು ಒಂದೊಂದಾಗಿ ಒದ್ದೆ ಮಾಡಿ, ಕಂಡಷ್ಟನ್ನು ಸಣ್ಣ ಪೆನ್ನಿನಲ್ಲಿ ನಕಲು ಮಾಡಿ, ಒಂದರ ಅಂಚಿಗೆ ಒಂದನ್ನು ಹೊಂದಿಸುತ್ತ ಹೋದೆ. ಡ್ಯೂಟಿ ಮುಗಿಸಿ ಬಂದು ದಿನಕ್ಕೆ ಒಂದು ಗಂಟೆ. ಯುಗಾದಿ ಕಳೆದು ಮಳೆಗಾಲ ಹಿಡಿಯುವ ಹೊತ್ತಿಗೆ ನಕ್ಷತ್ರ, ಅದರ ಪಕ್ಕದ ಅಕ್ಷರಗಳು, ಮಧ್ಯದ ಅಂತರ ಎಲ್ಲವೂ ಇರುವ ಒಂದು ನಕ್ಷೆ ಸಿದ್ಧವಾಯಿತು. ಈಗ ಯಾವ ಚೀಟಿಯನ್ನಾದರೂ ಅದರ ಕೆಳಗೆ ಸರಿಸಿ, ಅಲ್ಲಿ ಕಾಣುವ ಗೆರೆ ನಕ್ಷೆಯ ಗೆರೆಯ ಮೇಲೆ ಕೂರುತ್ತದೆಯೋ ಇಲ್ಲವೋ ನೋಡಬಹುದಿತ್ತು.

ತೀರ್ಪುಗಾರರ ಆರನ್ನು ಮೊದಲು ನೋಡಿದೆ. ನಾಲ್ಕರ ಗೆರೆ ಸರಿಯಾಗಿ ಕೂತಿತು. ಅವರು ಹೇಳಿದ್ದೇ ಸರಿ, ನಾನು ಬರೆದದ್ದು ತಪ್ಪು. ಉಳಿದೆರಡು ಎಲ್ಲಿ ಸರಿಸಿದರೂ ಕೂರಲಿಲ್ಲ. ಭೂತಗನ್ನಡಿಯಲ್ಲಿ ನೋಡಿದರೆ ಆ ಗೆರೆಗಳು ಅಕ್ಕ ತೋರಿಸಿದ ಜಾಲರಿ ಗುರುತುಗಳೇ. ಒಂದೇ ಸಲ ನೋಡಿ ನಂಬಲಿಲ್ಲ. ಮೂರು ಬೇರೆ ಬೇರೆ ದಿನ ನೋಡಿ, ಮೂರು ಸಲವೂ ಒಂದೇ ಫಲಿತಾಂಶ ಬಂದ ಮೇಲೆ ಪೆನ್ನಿನಲ್ಲಿ ಬರೆದೆ.

ಆಮೇಲೆ ಕಾಗದದ ಸರದಿ. ಮತ್ತೆ ಭದ್ರಾವತಿಗೆ ಹೋಗಿ, ದಪ್ಪ ತೆಳುವನ್ನು ಬೆರಳಿನಿಂದ ಹೇಳುತ್ತೇನೆಂದಾಗ ಅಕ್ಕ ಗದರಿಬಿಟ್ಟರು. “ಈ ಮಳೇಲಿ ಮುಟ್ಟಿ ನೋಡ್ತೀಯಾ? ಕಾಗದ ನೀರು ಕುಡಿಯತ್ತೆ. ಬೇಸಿಗೇಲಿ ತೆಳ್ಳಗಿದ್ದಿದ್ದು ಈಗ ಊದಿಕೊಂಡಿರತ್ತೆ. ನಮಗೆ ಮಳೆಗಾಲದಲ್ಲಿ ಕೋಣೆ ಬೆಚ್ಚಗಾಗೋ ತನಕ ಕಟ್ಟು ಬಿಚ್ಚೋಕೇ ಬಿಡ್ತಿರಲಿಲ್ಲ.” ನನಗೇ ನಾಚಿಕೆಯಾಯಿತು. ಲ್ಯಾಬಿನಲ್ಲಿ ಎರಡು ಸ್ಯಾಂಪಲ್ಲುಗಳನ್ನು ಹೋಲಿಸುವ ಮೊದಲು ಎರಡೂ ಒಂದೇ ಶಾಖದಲ್ಲಿರಬೇಕೆಂದು ಹೊಸಬರಿಗೆ ಪಾಠ ಹೇಳುವವಳು ನಾನು. ಎಲ್ಲ ಚೀಟಿಗಳನ್ನೂ ಒಂದೇ ಡಬ್ಬಿಯಲ್ಲಿ, ತೇವ ಹೀರುವ ಪುಡಿಯ ಚೀಲಗಳೊಂದಿಗೆ ಎರಡು ದಿನ ಇಟ್ಟು, ಆಮೇಲೆ ದಪ್ಪ ಅಳೆಯುವ ಸ್ಕ್ರೂ ಗೇಜಿನಲ್ಲಿ ಅಳೆದೆ. ದಪ್ಪ ಮತ್ತು ತೆಳು ಎಂಬ ಎರಡು ಗುಂಪು ನಿಂತವು. ಯಾವುದಕ್ಕೂ ಸೇರದ ಎರಡು ಚೀಟಿಗಳನ್ನು ಒಂದು ಕವರಿಗೆ ಹಾಕಿ ಮೇಲೆ ‘ಗೊತ್ತಿಲ್ಲ’ ಎಂದು ಬರೆದೆ.

ಉಳಿದದ್ದು ಮೂರನೆಯದು, ನುಣುಪು ಕಾಗದ. ಅದು ನನ್ನ ಹೆಮ್ಮೆ. ಇಪ್ಪತ್ತಕ್ಕೂ ಹೆಚ್ಚು ಚೀಟಿಗಳು ಉಳಿದವುಗಳಿಗಿಂತ ನುಣುಪಾಗಿ, ತುಸು ಹೊಳಪಾಗಿದ್ದವು. ಯಾವ ಕ್ಯಾಟಲಾಗಿನಲ್ಲೂ ಅಂಥ ಕಾಗದದ ಮಾತಿರಲಿಲ್ಲ. ಇದನ್ನು ಕಂಡುಹಿಡಿದವಳು ನಾನೇ ಎಂದು ಒಳಗೊಳಗೇ ಬೀಗುತ್ತಿದ್ದೆ. ತೀರ್ಪುಗಾರರು ಕೂಡ ಅಂದಾಜು ಎಂದಿದ್ದರೇ ಹೊರತು ಆ ಹಾಳೆಯನ್ನು ತಪ್ಪು ಎಂದಿರಲಿಲ್ಲ.

ಶ್ರಾವಣದ ಒಂದು ಭಾನುವಾರ ಅವನ್ನು ತೆಗೆದುಕೊಂಡು ಹೋದೆ. ಅಷ್ಟು ದಿನದಲ್ಲಿ ಅಕ್ಕನ ಸಂಕೋಚ ಹೋಗಿತ್ತು. ಕೈ ತೊಳೆದು, ಒರೆಸಿಕೊಂಡು, ಚೀಟಿಯನ್ನು ಉಗುರಿನ ತುದಿಯಲ್ಲಿ ಎತ್ತಿ ಬೆಳಕಿಗೆ ಹಿಡಿದರು. ತಿರುಗಿಸಿದರು. ಇನ್ನೊಂದು ತೆಗೆದುಕೊಂಡರು.

“ಇದಕ್ಕೆ ಬಿಸಿ ತಗುಲಿದೆ ಕಣ್ಣು.”

“ಅಂದ್ರೆ?”

“ಹೊಳಪು ಬೆನ್ನಿಗೆ ಮಾತ್ರ ಇದೆ. ಕಾರ್ಖಾನೇಲಿ ಹೊಳಪು ಬರಿಸೋದು ಅಚ್ಚು ಹಾಕೋ ಮೈಗೆ. ಗೋಂದು ಬಳಿಯೋ ಮೈಗೆ ಯಾರು ಹೊಳಪು ಕೊಡ್ತಾರೆ? ಇದನ್ನ ಯಾರೋ ಬಿಸಿ ಇಟ್ಟು ಒತ್ತಿದ್ದಾರೆ.”

ಯಾರೋ ಅಲ್ಲ. ಕಾಲು ಮುರಿದು ಕೂತಿದ್ದಾಗ, ಚೀಟಿಗಳು ಬೇಗ ಒಣಗಲಿ, ಸುರುಳಿ ಸುತ್ತಿಕೊಳ್ಳದಿರಲಿ ಎಂದು ಕೆಲವು ದಿನ ಇಸ್ತ್ರಿ ಪೆಟ್ಟಿಗೆಯಿಂದ ಒತ್ತಿದ್ದೆ. ಬೋರಲು ಹಾಕಿ, ಬೆನ್ನಿನ ಮೇಲೆ. ಆಮೇಲೆ ಅದನ್ನು ಮರೆತೇಬಿಟ್ಟಿದ್ದೆ.

“ಅಕ್ಕ, ನಿಮಗೆ ಖಂಡಿತ ಗೊತ್ತಾ?”

“ನನಗೆ ಅನ್ನಿಸಿದ್ದು ಹೇಳಿದೆ. ನೀನು ಪರೀಕ್ಷೆ ಮಾಡೋಳಲ್ವಾ? ಮಾಡಿ ನೋಡು.”

ಮಾಡಿದೆ. ಗುಂಪಿನಿಂದ ಹತ್ತು ಸಾಮಾನ್ಯ ಚೀಟಿಗಳನ್ನು ತೆಗೆದು ನೆನೆಸಿ, ಐದನ್ನು ನೆರಳಿನಲ್ಲಿ ಒಣಗಿಸಿದೆ, ಐದಕ್ಕೆ ಇಸ್ತ್ರಿ ಹಾಕಿದೆ. ಆಮೇಲೆ ಆ ಐದನ್ನು ನನ್ನ ‘ನುಣುಪು ಕಾಗದ’ದೊಂದಿಗೆ ಬೆರೆಸಿ, ಗಂಡನ ಕೈಗೆ ಕೊಟ್ಟು ಬೇರೆ ಮಾಡಿ ಎಂದೆ. ಅವರಿಗೆ ಆಗಲಿಲ್ಲ. ನನಗೂ ಆಗಲಿಲ್ಲ. ನಾನು ಕಂಡುಹಿಡಿದ ಕಾಗದ ನನ್ನ ಅಡುಗೆಮನೆಯ ಪಕ್ಕದ ಕೋಣೆಯಲ್ಲಿ ತಯಾರಾಗಿತ್ತು.

ಎರಡು ದಿನ ಡಬ್ಬಿ ತೆರೆಯಲಿಲ್ಲ. ಗಂಡ ಕೇಳಿದರು, “ಈಗೇನು ಮಾಡ್ತೀಯ?”

“ಆ ಹಾಳೆ ತಪ್ಪು ಅಂತ ಬರೆದು ಹಾಕ್ತೀನಿ.”

“ನಿನಗೇನು ತಲೆ ಕೆಟ್ಟಿದ್ಯಾ ಮಾರಾಯ್ತಿ? ಯಾರಿಗೂ ಗೊತ್ತೇ ಆಗಿಲ್ಲ. ಸುಮ್ಮನೆ ತೆಗೆದುಬಿಡು.”

“ತಪ್ಪು ರಿಪೋರ್ಟು ಕೊಟ್ಟ ಮೇಲೆ ಸುಮ್ಮನೆ ಹರಿದು ಹಾಕೋಕಾಗಲ್ಲ. ವಾಪಸ್ ಕರೆಸಿ, ತಪ್ಪಾಗಿದೆ ಅಂತ ಹೇಳಿ, ಸರಿಯಾದ್ದು ಕೊಡಬೇಕು.”

ಮಾರನೆಯ ದಿನ ಅವರು ತಾವೇ ಪೇಟೆಗೆ ಹೋಗಿ, ಚೀಟಿಗಳನ್ನು ಹಾಳೆಗೆ ಕೂರಿಸುವ ಪಾರದರ್ಶಕ ಮೂಲೆಪಟ್ಟಿಗಳನ್ನು ತಂದುಕೊಟ್ಟರು.

ಮುಂದಿನ ಪ್ರದರ್ಶನದ ಹೊತ್ತಿಗೆ ಹದಿನಾರು ಹಾಳೆಗಳು ಹನ್ನೆರಡಾಗಿದ್ದವು. ಹನ್ನೊಂದು ಹಾಳೆಗಳಲ್ಲಿ ನಾನು ಸಾಧಿಸಿ ತೋರಿಸಬಲ್ಲದ್ದು ಮಾತ್ರ. ಹನ್ನೆರಡನೆಯದರಲ್ಲಿ ನೆರಳಿನಲ್ಲಿ ಒಣಗಿದ ಐದು, ಇಸ್ತ್ರಿ ತಿಂದ ಐದು ಚೀಟಿಗಳನ್ನು ಬೆನ್ನು ಮೇಲಾಗಿ ಕೂರಿಸಿ, ಹಿಂದಿನ ಸಲ ಇದನ್ನೇ ಹೊಸ ಕಾಗದವೆಂದು ತಪ್ಪಾಗಿ ತೋರಿಸಿದ್ದೆ ಎಂದು ಕೆಳಗೆ ಬರೆದಿದ್ದೆ. ಅಕ್ಕನನ್ನೂ ಕರೆಸಿದ್ದೆ. ಅವರು ರೇಷ್ಮೆ ಸೀರೆ ಉಟ್ಟು ಬಂದು, ಎಲ್ಲ ಚೌಕಟ್ಟುಗಳನ್ನೂ ಸುತ್ತಿ, ಪ್ಲಾಸ್ಟಿಕ್ ಮುಚ್ಚಿದ್ದರಿಂದ ಮುಟ್ಟಲು ಆಗದ್ದಕ್ಕೆ ಗೊಣಗಿಕೊಂಡು ಕುರ್ಚಿಯಲ್ಲಿ ಕೂತರು.

ಅದೇ ತೀರ್ಪುಗಾರರು ಬಂದಿದ್ದರು. ನನ್ನ ಹಾಳೆಗಳ ಮುಂದೆ ಬಹಳ ಹೊತ್ತು ನಿಂತರು. ಕೊನೆಗೆ ಕರೆದರು.

“ಹೋದ ಸಲ ನಾನು ಆರು ಅಂದಿದ್ದೆ. ನೀವು ನಾಲ್ಕೇ ಬದಲಾಯಿಸಿದ್ದೀರಿ.”

“ಹೌದು ಸಾರ್. ನಾಲ್ಕು ನನ್ನ ತಪ್ಪು. ಎರಡು...” ಎಂದು ನಿಲ್ಲಿಸಿ, ನಕ್ಷೆಯ ಹಾಳೆಯನ್ನೂ ಆ ಎರಡು ಚೀಟಿಗಳನ್ನೂ ಅವರ ಮುಂದಿಟ್ಟೆ. ಅವರು ತಮ್ಮದೇ ಭೂತಗನ್ನಡಿ ತೆಗೆದು, ಚೀಟಿಯನ್ನು ನಕ್ಷೆಯ ಕೆಳಗೆ ಅತ್ತ ಇತ್ತ ಸರಿಸಿದರು. ತಲೆಕೆಳಗು ಮಾಡಿದರು. ಮತ್ತೆ ಸರಿಸಿದರು.

“ಎರಡು ನನ್ನ ತಪ್ಪು,” ಎಂದರು. ಆಮೇಲೆ ಹನ್ನೆರಡನೆಯ ಹಾಳೆಗೆ ಬೆರಳು ತೋರಿಸಿ, “ಹೋದ ಸಲ ಇದು ನನಗೂ ಗೊತ್ತಾಗಿರಲಿಲ್ಲ. ಯಾರು ಹೇಳಿಕೊಟ್ಟರು?” ಎಂದು ಕೇಳಿದರು.

ನಾನು ಕುರ್ಚಿಯ ಕಡೆ ತೋರಿಸಿದೆ. ಅವರು ತಾವೇ ನಡೆದು ಹೋಗಿ ಅಕ್ಕನ ಪಕ್ಕ ಕೂತರು. ಬಹುಮಾನ ಹಂಚುವವರು ಕರೆಯುವ ತನಕ ಇಬ್ಬರೂ ಎದ್ದೇಳಲಿಲ್ಲ.

ನನಗೆ ಎರಡನೆಯ ಬಹುಮಾನ ಬಂತು. ಸಂಜೆ ಭದ್ರಾವತಿಯ ಬಸ್ಸಿಗೆ ಹತ್ತಿಸಲು ಹೋದಾಗ ಅಕ್ಕ ಕೇಳಿದರು, “ಮೊದಲನೇದು ಯಾರಿಗೆ ಕೊಟ್ಟರು?”

“ಚಿಟ್ಟೆ ಸ್ಟಾಂಪುಗಳು ಇದ್ದವಲ್ಲ ಅಕ್ಕ, ಬಾಗಿಲ ಹತ್ತಿರ. ಅವರಿಗೆ.”

“ಚಿತ್ರ ಚೆನ್ನಾಗಿತ್ತು,” ಎಂದು ಒಪ್ಪಿಕೊಂಡರು. ಬಸ್ಸು ಹತ್ತಿ ಕಿಟಕಿಯ ಪಕ್ಕದ ಸೀಟು ಹಿಡಿದ ಮೇಲೆ ತಲೆ ಹೊರಗೆ ಹಾಕಿ, “ಬೇರೆ ಯಾವುದಾದರೂ ಸ್ಟಾಂಪಿನ ಮೇಲೆ ಕಣ್ಣು ಹಾಕಿದ್ದೀಯಾ?” ಎಂದರು.

“ಅದೇ ಸರಣಿಯಲ್ಲಿ ಹತ್ತಿಯ ಚಿತ್ರದ್ದು ಒಂದಿದೆ ಅಕ್ಕ. ಕೋಳಿಮರಿಗಿಂತ ಕಷ್ಟ.”

“ಬಿಸಿ ತಾಗಿಸಬೇಡ ಅದಕ್ಕೆ,” ಎಂದರು, ಬಸ್ಸು ಹೊರಟಿತು.